ಕಿತ್ತಳೆ ಚೀಟಿ, ನೀಲಿ ಚೀಟಿ: 1939ರ ಅಮೆರಿಕದ ಆಹಾರ ಚೀಟಿ ಸೇವೆ ಹೇಗಿತ್ತು?

ಅಮೆರಿಕದ ಮಹಾ ಆರ್ಥಿಕ ಕುಸಿತ ಎಂದೊಡನೆ ರೂಸ್‌ವೆಲ್ಟ್ ಸರ್ಕಾರ ಕಟ್ಟಿಸಿದ ಅಣೆಕಟ್ಟು, ರಸ್ತೆ, ಅರಣ್ಯ ಶಿಬಿರಗಳ ಮಾತು ಬರುತ್ತದೆ. ಹಸಿದವರ ಅಡುಗೆಮನೆಗೆ ದಿನಸಿ ಮುಟ್ಟಿಸಿದ ಸೇವೆಗಳ ಬಗ್ಗೆ ಅಷ್ಟು ಮಾತಿಲ್ಲ. ಅವುಗಳಲ್ಲಿ ಅತ್ಯಂತ ಜಾಣತನದಿಂದ ರೂಪಿಸಿದ್ದು 1939ರ ಮೇ 16ರಂದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ ಶುರುವಾದ ಆಹಾರ ಚೀಟಿ ಯೋಜನೆ. ಅದು ಎಡವಿದ್ದೂ ಆ ಜಾಣತನದ ಜಾಗದಲ್ಲೇ.

ಅದಕ್ಕೂ ಮುಂಚೆ ಇದ್ದದ್ದು ಸರ್ಕಾರವೇ ದಿನಸಿ ಹಂಚುವ ಡಿಪೋ ಪದ್ಧತಿ. 1933ರಲ್ಲಿ ದುಡಿಯುವವರ ಪೈಕಿ ಸುಮಾರು ಕಾಲು ಭಾಗಕ್ಕೆ ಕೆಲಸವಿರಲಿಲ್ಲ. ಅದೇ ವರ್ಷ ಹಂದಿಯ ಬೆಲೆ ಎತ್ತಲೆಂದು ಸರ್ಕಾರ ಸುಮಾರು 60 ಲಕ್ಷ ಹಂದಿಮರಿಗಳನ್ನು ಕೊಂಡು ಕೊಲ್ಲಿಸಿತು. ಜನ ಕೂಳಿಲ್ಲದೆ ಕೂತಿರುವಾಗ ಇದೆಂಥ ನೀತಿ ಎಂದು ದೇಶವೇ ಸಿಡಿದೆದ್ದಿತು. ಆ ಅಕ್ಟೋಬರಿನಲ್ಲೇ ಹೆಚ್ಚುವರಿ ಬೆಳೆ ಕೊಂಡು ಬಡವರಿಗೆ ಹಂಚುವ ನಿಗಮವೊಂದು ಹುಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಡಿಪೋಗೆ ಏನು ಬಂದಿತೋ ಅದನ್ನೇ ಒಯ್ಯಬೇಕು, ಬಂದ ದಿನವೇ ಒಯ್ಯಬೇಕು. ನಮ್ಮ ಸೊಸೈಟಿ ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಆ ಚಿತ್ರ ಬಿಡಿಸಿ ಹೇಳಬೇಕಿಲ್ಲ. ಬೆಣ್ಣೆ, ಹಣ್ಣುಗಳಂಥ ಕೆಡುವ ಮಾಲನ್ನು ಸರ್ಕಾರವೇ ಸಾಗಿಸಿ, ಕಾದಿಟ್ಟು, ಹಂಚಬೇಕಾಗಿತ್ತು. ಪಕ್ಕದ ಬೀದಿಯ ಕಿರಾಣಿ ಅಂಗಡಿಯವನಿಗೋ ಗಿರಾಕಿಯೇ ಇಲ್ಲ. ಚೀಟಿ ಯೋಜನೆಗೆ ವ್ಯಾಪಾರಿಗಳ ಬೆಂಬಲ ಸಿಕ್ಕಿದ್ದಕ್ಕೆ ಇದೇ ಕಾರಣ.

ಕೃಷಿ ಸಚಿವ ಹೆನ್ರಿ ವ್ಯಾಲೇಸ್ ಈ ಹೊಸ ಸೇವೆಯನ್ನು ಮೈಲೋ ಪರ್ಕಿನ್ಸ್ ಕೈಗೆ ಕೊಟ್ಟರು. ಪರ್ಕಿನ್ಸ್ ಹೂಸ್ಟನ್‌ನಲ್ಲಿ ಗೋಣಿಚೀಲದ ವ್ಯಾಪಾರ ಮಾಡಿದವರು. ಮಾಲು ಹೇಗೆ ಓಡುತ್ತದೆ, ಅಂಗಡಿಯವನಿಗೆ ಯಾವುದು ತೊಡಕು ಎಂಬುದು ಗೊತ್ತಿದ್ದವರ ಕೈಚಳಕ ಈ ವ್ಯವಸ್ಥೆಯಲ್ಲಿ ಎದ್ದು ಕಾಣುತ್ತದೆ.

ಬಳಸುವ ಕ್ರಮ ಹೀಗಿತ್ತು. ಸ್ಥಳೀಯ ಪರಿಹಾರ ಕಚೇರಿ ಮೊದಲು ಕುಟುಂಬ ಅರ್ಹವೆಂದು ದೃಢೀಕರಿಸಬೇಕು. ಆಮೇಲೆ ಚೀಟಿ ಕಚೇರಿಯಲ್ಲಿ, ಮನೆಯವರು ಊಟಕ್ಕೆಂದು ಮಾಮೂಲಿಯಾಗಿ ಮಾಡುತ್ತಿದ್ದ ಖರ್ಚಿನಷ್ಟು ಹಣ ಕಟ್ಟಿ ಕಿತ್ತಳೆ ಬಣ್ಣದ ಚೀಟಿ ಕೊಳ್ಳಬೇಕು. ಕನಿಷ್ಠ ಮಿತಿ ತಲೆಗೆ ವಾರಕ್ಕೆ 1 ಡಾಲರ್. ಒಂದೊಂದು ಚೀಟಿಯ ಬೆಲೆ 25 ಸೆಂಟ್. ಹೀಗೆ ಕೊಂಡ ಪ್ರತಿ ಡಾಲರಿಗೆ 50 ಸೆಂಟ್ ಬೆಲೆಯ, ಅಂದರೆ ಎರಡು, ನೀಲಿ ಚೀಟಿ ಉಚಿತ. ನಾಲ್ಕು ಜನರ ಮನೆಯೆಂದರೆ ವಾರಕ್ಕೆ 4 ಡಾಲರ್ ಕಟ್ಟಿ 16 ಕಿತ್ತಳೆ ಚೀಟಿ, ಜೊತೆಗೆ 8 ನೀಲಿ ಚೀಟಿ. ಕೈಯಲ್ಲಿದ್ದ 4 ಡಾಲರ್ ಅಂಗಡಿಯಲ್ಲಿ 6 ಡಾಲರ್ ಆಗುತ್ತಿತ್ತು. ದಿನಕ್ಕೆ ಮೂರು ಹೊತ್ತು ಲೆಕ್ಕ ಹಾಕಿದರೆ, ಒಬ್ಬರ ಒಂದು ಹೊತ್ತಿನ ಊಟಕ್ಕೆ 5 ಸೆಂಟಿಗೂ ತುಸು ಕಡಿಮೆ ಇದ್ದದ್ದು 7 ಸೆಂಟ್ ದಾಟುತ್ತದೆ. ಹಾಲು ಬೆಣ್ಣೆ ಕಾಣದ ಮನೆಗೆ ಈ ಎರಡು ಸೆಂಟ್ ಸಣ್ಣದಲ್ಲ.

ಕಿತ್ತಳೆ ಚೀಟಿಗೆ ಯಾವ ಆಹಾರ ಪದಾರ್ಥವನ್ನಾದರೂ ಕೊಳ್ಳಬಹುದಿತ್ತು. ನೀಲಿ ಚೀಟಿ ನಡೆಯುತ್ತಿದ್ದುದು ಕೃಷಿ ಇಲಾಖೆ ಹೆಚ್ಚುವರಿ ಎಂದು ಸಾರಿದ ಪದಾರ್ಥಗಳಿಗೆ ಮಾತ್ರ. ಮೊದಲ ಪಟ್ಟಿಯಲ್ಲಿ ಬೆಣ್ಣೆ, ಮೊಟ್ಟೆ, ಗೋಧಿ ಹಿಟ್ಟು, ಮೆಕ್ಕೆಜೋಳದ ಹಿಟ್ಟು, ಒಣ ಬೀನ್ಸ್ ಕಾಳು, ಒಣ ಪ್ಲಮ್, ಕಿತ್ತಳೆ ಹಣ್ಣು ಮುಂತಾದವಿದ್ದವು. ಯಾವ ಬೆಳೆ ಮಾರುಕಟ್ಟೆಯಲ್ಲಿ ಕೊಳೆಯುತ್ತಿದೆಯೋ ಅದನ್ನು ನೋಡಿ ಪಟ್ಟಿ ಬದಲಾಗುತ್ತಿತ್ತು. ಆಮೇಲೆ ಹಂದಿಮಾಂಸವೂ ಸೇರಿತು.

ಅಂಗಡಿಯವನು ಬಂದ ಚೀಟಿಗಳನ್ನು ಕಾರ್ಡಿನ ಮೇಲೆ ಅಂಟಿಸಿ ಬ್ಯಾಂಕಿಗೋ ಸಗಟು ವ್ಯಾಪಾರಿಗೋ ಕೊಟ್ಟು ಹಣ ಪಡೆಯುತ್ತಿದ್ದ. ಸರ್ಕಾರಕ್ಕೆ ಗೋದಾಮಿಲ್ಲ, ಲಾರಿಯಿಲ್ಲ, ತೂಕದ ತಕ್ಕಡಿಯಿಲ್ಲ. ನೀಲಿ ಚೀಟಿಯ ಹಣ ಬಂದದ್ದು 1935ರ ಕಾನೂನಿನ 32ನೇ ಕಲಮಿನಿಂದ. ಆಮದು ಸುಂಕದ ಆದಾಯದಲ್ಲಿ ನೂರಕ್ಕೆ 30ರಷ್ಟನ್ನು ಕೃಷಿ ಮಾಲಿನ ಬಳಕೆ ಹೆಚ್ಚಿಸಲು ಆ ಕಲಮು ತೆಗೆದಿಟ್ಟಿತ್ತು.

ಇನ್ನು ತೊಡಕಿನ ಮಾತು. ಉಚಿತ ಚೀಟಿ ಕೊಡುವುದೇ ಆದರೆ ಮೊದಲು ಹಣ ಕಟ್ಟಿಸಿಕೊಳ್ಳುವುದೇಕೆ? ಇದಕ್ಕೆ ಲೆಕ್ಕಾಚಾರದ ಕಾರಣವಿದೆ. ಬರೀ ನೀಲಿ ಚೀಟಿ ಕೊಟ್ಟರೆ ಮನೆಯಾಕೆ ಅದರಲ್ಲಿ ಮೊಟ್ಟೆ, ಹಿಟ್ಟು ತಂದು, ಹಿಂದೆ ಅವಕ್ಕೆ ಹಾಕುತ್ತಿದ್ದ ಕಾಸನ್ನು ಬಾಡಿಗೆಗೋ ಕಲ್ಲಿದ್ದಲಿಗೋ ಮಕ್ಕಳ ಬೂಟಿಗೋ ಹಾಕುತ್ತಾಳೆ. ಆ ಮನೆಯ ಮಟ್ಟಿಗೆ ಅದು ಸರಿಯಾದ ನಿರ್ಧಾರವೇ. ಆದರೆ ರೈತನ ಮಾಲು ಮೊದಲಿಗಿಂತ ಹೆಚ್ಚು ಖರ್ಚಾಗುವುದಿಲ್ಲ. ಕಿತ್ತಳೆ ಚೀಟಿ ಹಳೆಯ ಖರ್ಚನ್ನು ಕಟ್ಟಿಹಾಕುತ್ತದೆ, ನೀಲಿ ಚೀಟಿ ಅದರ ಮೇಲೆ ಹೊಸ ಬೇಡಿಕೆ ಹುಟ್ಟಿಸುತ್ತದೆ. ರೈತನನ್ನೂ ಬಡವನನ್ನೂ ಒಂದೇ ಏಟಿಗೆ ಮೇಲೆತ್ತುವ ಉಪಾಯ.

ಆದರೆ ವಾರದ ಮೊದಲಿಗೆ ತಲೆಗೊಂದು ಡಾಲರ್ ಕೈಯಲ್ಲಿಲ್ಲದವರ ಗತಿ? ಊಟಕ್ಕೆ ಅದಕ್ಕಿಂತ ಕಡಿಮೆ ಖರ್ಚು ಮಾಡುತ್ತಿದ್ದ ಮನೆಗಳೇ ಅತ್ಯಂತ ಬಡ ಮನೆಗಳು, ಕೊಳ್ಳುವ ಷರತ್ತು ಬಾಗಿಲು ಹಾಕಿದ್ದು ಅವರಿಗೇ. ಅರ್ಹರಾಗಿದ್ದೂ ಅನೇಕರು ಸೇರಲಿಲ್ಲ. ಪರಿಹಾರ ಸೇವೆಯೊಂದರಲ್ಲಿ ಇದಕ್ಕಿಂತ ದೊಡ್ಡ ಕೊರತೆ ಬೇರೆ ಇರಲಾರದು. ಮಾರುಕಟ್ಟೆಯ ಲೆಕ್ಕ ಎಷ್ಟೇ ಸರಿಯಿದ್ದರೂ ನಾನು ಇದನ್ನು ಮಾಫಿ ಮಾಡಲಾರೆ.

ಸೋರಿಕೆಯೂ ಇತ್ತು. ನೀಲಿ ಚೀಟಿಗೆ ಪಟ್ಟಿಯಲ್ಲಿಲ್ಲದ ಸಾಮಾನು ಕೊಡುವುದು, ಬೆಲೆ ಮುರಿದು ಚೀಟಿಗೆ ನಗದು ಕೊಡುವುದು ಅಂಗಡಿಯ ಕಟ್ಟೆಯ ಮೇಲೆ ನಡೆಯುವ ಕೆಲಸ. ಅದನ್ನು ತಡೆಯುವುದು ಕಷ್ಟ. ನಿಯಮ ಮುರಿದ ಮೊದಲ ಅಂಗಡಿಯವನು 1939ರ ಅಕ್ಟೋಬರಿನಲ್ಲೇ ಸಿಕ್ಕಿಬಿದ್ದ. ಎರಡು ಬಣ್ಣ, ಎರಡು ನಿಯಮ, ಬದಲಾಗುತ್ತಲೇ ಇರುವ ಪಟ್ಟಿ ಇವೆಲ್ಲ ಇದ್ದಾಗ ಪ್ರಾಮಾಣಿಕ ಅಂಗಡಿಯವನೂ ತಪ್ಪುವುದು ಸಹಜ. ಎಣಿಸುವ, ಅಂಟಿಸುವ ದುಡಿಮೆಯೂ ಅವನದೇ.

ವ್ಯಾಪ್ತಿ ಮಾತ್ರ ಸಣ್ಣದಲ್ಲ. ನಾಲ್ಕು ವರ್ಷಕ್ಕೆ ತುಸು ಕಡಿಮೆ ಅವಧಿಯಲ್ಲಿ ದೇಶದ ಹೆಚ್ಚುಕಡಿಮೆ ಅರ್ಧದಷ್ಟು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳಲ್ಲಿ) ಒಂದಲ್ಲ ಒಂದು ಹೊತ್ತಿನಲ್ಲಿ ಸುಮಾರು 2 ಕೋಟಿ ಜನ ಈ ಚೀಟಿ ಬಳಸಿದರು. ಏರು ಕಾಲದಲ್ಲಿ ಏಕಕಾಲಕ್ಕೆ 40 ಲಕ್ಷ ಜನ. ಒಟ್ಟು ವೆಚ್ಚ 26.2 ಕೋಟಿ ಡಾಲರ್, ಅಂದರೆ ತಲೆಗೆ ಸರಾಸರಿ 13 ಡಾಲರ್. ಯೋಜನೆ ಬಾರದ ಉಳಿದರ್ಧ ಕೌಂಟಿಗಳಲ್ಲಿದ್ದ ಬಡವನಿಗೆ ಇದರಿಂದ ಏನೂ ದಕ್ಕಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಯುದ್ಧ ಬಂದು ಕೆಲಸ ಸಿಕ್ಕಿ, ಹೆಚ್ಚುವರಿ ಮಾಲೂ ಕರಗಿದ್ದರಿಂದ 1943ರ ವಸಂತದಲ್ಲಿ ಸೇವೆ ನಿಂತಿತು.

1961ರಲ್ಲಿ ಕೆನಡಿ ಸರ್ಕಾರ ಮತ್ತೆ ಪ್ರಯೋಗ ಶುರುಮಾಡಿದಾಗ ನೀಲಿ ಚೀಟಿಯನ್ನು, ಅದರ ಜೊತೆಗಿದ್ದ ಹೆಚ್ಚುವರಿ ಪಟ್ಟಿಯನ್ನು ಕೈಬಿಟ್ಟಿತು. ಅಂಗಡಿಯವರ ಗೊಂದಲ ಅಲ್ಲಿಗೆ ಮುಗಿಯಿತು. ಹಣ ಕಟ್ಟಿ ಕೊಳ್ಳುವ ಷರತ್ತು ಮಾತ್ರ 1964ರ ಕಾನೂನಿನಲ್ಲೂ ಉಳಿದುಕೊಂಡಿತು. ಅದನ್ನು ತೆಗೆಯಲು 1977ರ ಕಾನೂನು ಬರಬೇಕಾಯಿತು. ಅದು ಜಾರಿಯಾದದ್ದು 1979ರ ಜನವರಿಯಲ್ಲಿ, ರಾಚೆಸ್ಟರ್‌ನಲ್ಲಿ ಮೊದಲ ಚೀಟಿ ಮಾರಿ ಸುಮಾರು 40 ವರ್ಷಗಳಾದ ಮೇಲೆ.