‘50ಕ್ಕೆ 48’ ಅಂತ ರಿಪೋರ್ಟ್ ತೋರಿಸಿದರೆ ನಂಬಬೇಡಿ: ಬೆಲ್ಲದ ಮಂಡಿಗೆ ಎಐ ಏಜೆಂಟ್ ಹಾಕಿಸಿದವನ ಗೋಳು

ಹೇಳಿಕೊಳ್ಳೋಕೆ ನಾಚಿಕೆ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬ ಸಿಕ್ಕಿಬೀಳಬಾರದು.

ಮಂಡ್ಯದಲ್ಲಿ ನಮ್ಮದು ಬೆಲ್ಲದ ಮಂಡಿ, ಅಪ್ಪನ ಕಾಲದ್ದು. ಆರ್ಡರ್ ಈಗ ಪೂರ್ತಿ ವಾಟ್ಸಾಪ್‌ನಲ್ಲೇ. ಸಂಕ್ರಾಂತಿ ಹತ್ತಿರ ಬಂದರೆ ಮೆಸೇಜ್ ನೋಡೋಕೂ ಪುರುಸೊತ್ತಿಲ್ಲ. ಮೈಸೂರಿನ ಒಂದು ಕಂಪನಿಯವರು ಬಂದು, ರೇಟ್ ಹೇಳುವುದು, ಸ್ಟಾಕ್ ನೋಡುವುದು, ಆರ್ಡರ್ ಬರೆಯುವುದು ಎಲ್ಲಾ ಎಐ ಏಜೆಂಟೇ, ಅಂದರೆ ಮೆಸೇಜ್ ಓದಿ ತಾನೇ ಕೆಲಸ ಮಾಡುವ ಸಾಫ್ಟ್‌ವೇರೇ, ಮಾಡುತ್ತದೆ ಅಂದರು. 85,000 ರೂಪಾಯಿ. ಟೆಸ್ಟ್ ರಿಪೋರ್ಟ್ ಕೂಡ ತೋರಿಸಿದರು: 50 ಪ್ರಶ್ನೆ, 48 ಸರಿ. ಮಗನ ಮಾರ್ಕ್ಸ್ ಕಾರ್ಡ್ ನೋಡಿದ ಹಾಗೆ ಖುಷಿಪಟ್ಟೆ. ದುಡ್ಡು ಕೊಟ್ಟೆ.

ಎರಡನೇ ವಾರವೇ ಎಡವಟ್ಟು. ಹುಣಸೂರಿನ ಗಿರಾಕಿ ಕೇಳಿದ್ದು ಇಷ್ಟೇ: ‘ಅಣ್ಣ, ಅಚ್ಚು ಬೆಲ್ಲ ಐದು ಕ್ವಿಂಟಲ್ ಏನ್ ಬೀಳುತ್ತೆ?’ ಅದು ರೇಟ್ ಕೇಳಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತೆ, ಅಲ್ವಾ? ಏಜೆಂಟ್ ಆರ್ಡರ್ ಬುಕ್ ಮಾಡಿತು. ಚೀಟಿ ಗೋಡೌನಿಗೆ ಹೋಯಿತು, ಹುಡುಗರು 500 ಕೆಜಿ ಟೆಂಪೋಗೆ ತುಂಬಿ ಕಳಿಸಿಬಿಟ್ಟರು. ಚೀಟಿ ಬಂದರೆ ಲೋಡ್ ಮಾಡಿ ಅಂತ ಹೇಳಿದ್ದವನು ನಾನೇ. ಅಷ್ಟು ತಪ್ಪು ನನ್ನದು, ಒಪ್ಪುತ್ತೇನೆ. ಹೋಗಿ ಬರುವ ಬಾಡಿಗೆ ನನ್ನ ತಲೆಗೆ.

ಅದೇ ವಾರ ಮೈಸೂರಿನ ಸ್ವೀಟ್ ಅಂಗಡಿಯವರು ‘ಬಕೆಟ್ ಬೆಲ್ಲ 5 ಹಾಕಿ’ ಅಂದಿದ್ದರು. ಅವರ ಲೆಕ್ಕ ಯಾವತ್ತೂ ಕ್ವಿಂಟಲ್. ಹೋಗಿದ್ದು 5 ಕೆಜಿ! ಫೋನ್ ಮಾಡಿ, ‘ಏನಣ್ಣ, ಪ್ರಸಾದ ಕಳಿಸಿದ್ದೀಯಾ?’ ಅಂದರು. ಇಪ್ಪತ್ತು ವರ್ಷದ ಗಿರಾಕಿ.

ಕಂಪನಿಗೆ ಫೋನ್ ಮಾಡಿದೆ. ಮೊದಲ ಉತ್ತರ: ‘ಸರ್, ಅದು ಮಾಡೆಲ್ ಪ್ರಾಬ್ಲಂ, ನಮ್ಮ ಕೈಯಲ್ಲಿಲ್ಲ.’ (ಮಾಡೆಲ್ ಅಂದರೆ ಏಜೆಂಟ್ ಒಳಗೆ ಮಾತು ಅರ್ಥಮಾಡಿಕೊಳ್ಳುವ ಎಐ.) ಎರಡನೇ ಸಲ: ‘ನಿಮ್ಮ ಕಸ್ಟಮರ್ಸ್ ಸರಿಯಾಗಿ ಟೈಪ್ ಮಾಡಲ್ಲ ಸರ್.’ ನನ್ನ ಗಿರಾಕಿ ಕನ್ನಡದಲ್ಲಿ ಬೆಲ್ಲದ ರೇಟ್ ಕೇಳಿದ್ದೇ ತಪ್ಪಂತೆ! ಮೂರನೇ ಸಲ: ‘ನಾವು ಎಂಸಿಪಿಯಲ್ಲಿ ಮಾಡಿದ್ದೇವೆ ಸರ್, ಸ್ಟ್ಯಾಂಡರ್ಡ್.’

ಇಂಜಿನಿಯರಿಂಗ್ ಓದುವ ಅಕ್ಕನ ಮಗ ಮನೆಗೆ ಬಂದಿದ್ದ. ‘ಮಾವ, ಎಂಸಿಪಿ ಅಂದ್ರೆ ಮಾಡೆಲ್‌ಗೆ ಟೂಲ್ (ರೇಟ್ ನೋಡೋದು, ಬುಕ್ ಮಾಡೋದು ಥರ ಒಂದೊಂದು ಕೆಲಸದ ಪ್ರೋಗ್ರಾಂ) ಜೋಡಿಸೋ ಪದ್ಧತಿ ಅಷ್ಟೇ, ಎಐ ಕಂಪನಿ ಆಂಥ್ರೋಪಿಕ್‌ನವರು 2024ರ ನವೆಂಬರ್‌ನಲ್ಲಿ ತಂದಿದ್ದು. ಅದರಲ್ಲಿ ಟೂಲ್‌ಗೆ ಹೆಸರು ಕಡ್ಡಾಯ, ವಿವರಣೆ ಕಡ್ಡಾಯ ಅಲ್ಲ. ಟೂಲ್ ಒಳಗಿನ ಕೋಡ್ ಮಾಡೆಲ್‌ಗೆ ಕಾಣಲ್ಲ. ಹೆಸರು, ವಿವರಣೆ, ಏನೇನು ತುಂಬಬೇಕು ಅನ್ನೋ ಪಟ್ಟಿ, ಇಷ್ಟು ನೋಡಿಯೇ ಯಾವ ಟೂಲ್ ಅಂತ ಆರಿಸೋದು’ ಅಂದ.

ತೆಗೆಸಿ ನೋಡಿದೆವು. ಬುಕ್ ಮಾಡುವ ಟೂಲ್‌ಗೆ ಒಂದೇ ಸಾಲು: ‘ಬೆಲ್ಲದ ಆರ್ಡರ್ ವಿಷಯಗಳಿಗೆ.’ ರೇಟ್ ನೋಡುವ ಟೂಲ್‌ಗೆ: ‘ಮಾಹಿತಿ ತರುತ್ತದೆ.’ ತೂಕದ ಜಾಗದಲ್ಲಿ ಬರೀ ‘ಪ್ರಮಾಣ’. ಕೆಜಿಯೋ ಕ್ವಿಂಟಲ್ಲೋ, ದೇವರೇ ಬಲ್ಲ. ಅದಕ್ಕೇ ಒಂದು ಸಲ 500 ತುಂಬಿದೆ, ಇನ್ನೊಂದು ಸಲ 5.

ಇದಾದರೂ ಸಹಿಸಿಕೊಳ್ಳುತ್ತಿದ್ದೆ. ಆ 50 ಪ್ರಶ್ನೆಯ ಹಾಳೆ ನೋಡಿದಾಗ ಮೈಯೆಲ್ಲ ಉರಿದುಹೋಯಿತು. ಮೊದಲ ಪ್ರಶ್ನೆ, ಕನ್ನಡದಲ್ಲಿ ಹೇಳುವುದಾದರೆ: ‘ಬುಕ್ ಆರ್ಡರ್ ಟೂಲ್ ಬಳಸಿ 2 ಕ್ವಿಂಟಲ್ ಅಚ್ಚು ಬೆಲ್ಲ ಬುಕ್ ಮಾಡು.’ ಟೂಲ್‌ನ ಹೆಸರೇ ಪ್ರಶ್ನೆಯಲ್ಲಿದೆ! ಐವತ್ತೂ ಹಾಗೇ. ಐವತ್ತೂ ಇಂಗ್ಲಿಷ್‌ನಲ್ಲಿ. ಪ್ರಶ್ನೆಪತ್ರಿಕೆಯಲ್ಲೇ ಉತ್ತರ ಅಚ್ಚು ಹಾಕಿಸಿ ಮಗ ಫಸ್ಟ್ ಕ್ಲಾಸ್ ಅಂದ ಹಾಗೆ. ಬುಕ್ ಮಾಡಬಾರದ ಮೆಸೇಜ್ ಕೊಟ್ಟು ನೋಡಿದ್ದು? ಒಂದೂ ಇಲ್ಲ. ಅಷ್ಟಾಗಿಯೂ ಎರಡು ತಪ್ಪು ಮಾಡಿದೆಯಲ್ಲ ಅದು!

ಹುಡುಗ ನಮ್ಮ ಹಳೆಯ ಮೆಸೇಜ್ 40 ಆರಿಸಿದ. ರೇಟ್ ಕೇಳಿದ್ದು, ಬೈದಿದ್ದು, ಸುಮ್ನೆ ಗುಡ್ ಮಾರ್ನಿಂಗ್ ಅಂದಿದ್ದೂ ಸೇರಿಸಿ. ಒಂದೊಂದನ್ನೂ ಐದೈದು ಸಲ ಓಡಿಸಿದ, ಯಾಕೆಂದರೆ ಒಂದೇ ಮಾತಿಗೆ ಸಲಕ್ಕೊಂದು ಥರ ಮಾಡಬಹುದು. ಐದೂ ಸಲ ಸರಿಯಾದದ್ದು 40ರಲ್ಲಿ 21. ಆಮೇಲೆ ವಿವರಣೆ ಬದಲಾಯಿಸಿದ: ‘ಗಿರಾಕಿ ರೇಟ್ ಒಪ್ಪಿ ಕಳಿಸಿ ಅಂದ ಮೇಲೆ ಮಾತ್ರ ಬುಕ್ ಮಾಡು. ಬರೀ ರೇಟ್ ಕೇಳಿದರೆ ಬೇಡ. ಪ್ರಮಾಣ ಕೆಜಿಯಲ್ಲಿ. ಯಾವ ಲೆಕ್ಕ ಅಂತ ಗೊತ್ತಾಗದಿದ್ದರೆ ತಿರುಗಿ ಕೇಳು.’ ಮಾಡೆಲ್ ಅದೇ, ಕೋಡ್ ಅದೇ. 36ಕ್ಕೆ ಏರಿತು. ಉಳಿದ ನಾಲ್ಕು ‘ಹೋದ ಸಲದ್ದೇ ಹಾಕಿ’ ಥರದ್ದು, ಅದು ನನಗೂ ಪುಸ್ತಕ ನೋಡದೆ ಗೊತ್ತಾಗಲ್ಲ.

ಮಾಡೆಲ್ ಪ್ರಾಬ್ಲಂ ಅಂತೆ, ಮಾಡೆಲ್ ಪ್ರಾಬ್ಲಂ!

ಯಾರಾದರೂ ಇಂಥದ್ದು ಹಾಕಿಸುವವರಿದ್ದರೆ ಮೊದಲು ಪ್ರಶ್ನೆಯ ಹಾಳೆ ಕೇಳಿ, ಮಾರ್ಕ್ಸ್ ಅಲ್ಲ. ನಿಮ್ಮ ಗಿರಾಕಿಗಳ ಮೆಸೇಜ್ ನೀವೇ ಕೊಟ್ಟು, ಎದುರಿಗೆ ಕೂತು ಓಡಿಸಿ. ಟೂಲ್ ವಿವರಣೆ ಓದಿಸಿಕೊಳ್ಳಿ. ನಿಮಗೇ ಅರ್ಥವಾಗದಿದ್ದರೆ ಅದಕ್ಕೆಲ್ಲಿ ಅರ್ಥವಾಗಬೇಕು? ಕೊನೇ ಕಂತು ಮಾತ್ರ ಕೈಯಲ್ಲೇ ಇಟ್ಟುಕೊಳ್ಳಿ, ನನ್ನ ಹಾಗೆ ಪೂರ್ತಿ ಕೊಡಬೇಡಿ.

ನಿನ್ನೆ ಅವರಿಂದ ಮೆಸೇಜ್ ಬಂದಿದೆ: ‘ಸರ್, ನಿಮ್ಮ ಏಜೆಂಟ್ ಈಗ ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಕಾಣುತ್ತೆ. ವರ್ಷದ ಮೇಂಟೆನೆನ್ಸ್ 12,000 ಬಾಕಿ ಇದೆ.’ ಓದಿದ್ದೇನೆ ಅಂತ ನೀಲಿ ಟಿಕ್ ಬಿದ್ದಿದೆ. ಬಿದ್ದಿರಲಿ.