ತಪ್ಪಿ ಬುಕ್ ಆದ ಬಜೆಟ್ ವಿಮಾನದ ಟಿಕೆಟ್: ಯಾವ ದಾರಿಯಲ್ಲಿ ಎಷ್ಟು ಹಣ ಉಳಿಯುತ್ತದೆ?

ಟಿಕೆಟ್ ತಪ್ಪಾಗಿದೆ ಎಂದು ಗೊತ್ತಾದ ಕೂಡಲೇ ಎಲ್ಲರೂ ಹುಡುಕುವುದು ಕ್ಯಾನ್ಸಲ್ ಬಟನ್. ಅದನ್ನು ಒತ್ತಿದರೆ ಮಿಕ್ಕ ದಾರಿಗಳೆಲ್ಲ ಮುಚ್ಚಿಹೋಗುತ್ತವೆ. ತಾರೀಖು ಬದಲಿಸುವುದು, ಹೆಸರು ತಿದ್ದಿಸುವುದು, ಡಬಲ್ ಬುಕಿಂಗ್ ಎಂದು ಪೂರ್ತಿ ಹಣ ಕೇಳುವುದು, ಸಂಸ್ಥೆಯೇ ವೇಳೆ ಬದಲಿಸಲಿ ಎಂದು ಕಾಯುವುದು, ಇವೆಲ್ಲ ಪಿಎನ್‌ಆರ್ ಜೀವಂತ ಇರುವವರೆಗೆ ಮಾತ್ರ. ಹಾಗಾಗಿ ಒಂದು ಸಂದರ್ಭ ಬಿಟ್ಟರೆ ಕ್ಯಾನ್ಸಲ್ ಕೊನೆಯ ಆಯ್ಕೆಯಾಗಿರಲಿ. ಆ ಒಂದು ಸಂದರ್ಭವೆಂದರೆ ಉಚಿತ ರದ್ದತಿಯ ಅವಧಿ ಇನ್ನೂ ಮುಗಿದಿಲ್ಲದಿರುವುದು.

24 ಗಂಟೆ: ಯಾರಿಗೆ ಇದೆ, ಯಾರಿಗೆ ಇಲ್ಲ

"ಎಲ್ಲಾ ಟಿಕೆಟ್‌ಗೂ 24 ಗಂಟೆ ಉಚಿತ" ಎಂಬುದು ಅರ್ಧ ಸತ್ಯ. ಅಮೆರಿಕದ ಸಾರಿಗೆ ಇಲಾಖೆಯ ನಿಯಮ ಆ ದೇಶದೊಳಗೆ, ಅಲ್ಲಿಗೆ ಮತ್ತು ಅಲ್ಲಿಂದ ಹಾರುವ ವಿಮಾನಗಳಿಗೆ ಅನ್ವಯಿಸುತ್ತದೆ. ಪ್ರಯಾಣಕ್ಕೆ ಕನಿಷ್ಠ 7 ದಿನ ಇರುವಾಗ ಬುಕ್ ಮಾಡಿದ್ದರೆ, 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಲು ಬಿಡಬೇಕು, ಇಲ್ಲವೇ ಹಣ ಕಟ್ಟದೆಯೇ 24 ಗಂಟೆ ದರವನ್ನು ಹಿಡಿದಿಡಲು ಬಿಡಬೇಕು. ಎರಡರಲ್ಲಿ ಯಾವುದು ಎಂಬುದು ಸಂಸ್ಥೆಯ ಆಯ್ಕೆ. ನಾಳಿದ್ದಿನ ವಿಮಾನವನ್ನು ತಪ್ಪಾಗಿ ಬುಕ್ ಮಾಡಿದವರಿಗೆ ಈ ನಿಯಮ ಉಪಯೋಗಕ್ಕೆ ಬರುವುದಿಲ್ಲ.

ಭಾರತದಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮವೂ ಬಹುಕಾಲ ಇದೇ ಅಚ್ಚಿನದು: 24 ಗಂಟೆ, ಹೊರಡಲು ಕನಿಷ್ಠ 7 ದಿನ ಬಾಕಿ. ಆ ಅವಧಿಯನ್ನು 48 ಗಂಟೆಗೆ ಏರಿಸುವ ಕರಡು 2025ರ ನವೆಂಬರ್‌ನಲ್ಲಿ ಹೊರಬಂದಿತು. ಆದ್ದರಿಂದ ಹಳೆಯ ಲೇಖನ ನಂಬಿ ಕೂರದೆ, ಬುಕ್ ಮಾಡಿದ ದಿನ ಜಾರಿಯಲ್ಲಿರುವ ಪಠ್ಯವನ್ನೇ ನೋಡಬೇಕು.

ಯುರೋಪಿನಲ್ಲಿ ಮೋಸಹೋಗುವವರು ಹೆಚ್ಚು. ಆನ್‌ಲೈನ್ ಖರೀದಿಯನ್ನು 14 ದಿನದಲ್ಲಿ ವಾಪಸ್ ಮಾಡುವ ಗ್ರಾಹಕ ಹಕ್ಕು ಅಲ್ಲಿದೆ ನಿಜ, ಆದರೆ ಆ ಹಕ್ಕು ಕೊಡುವ 2011ರ ನಿರ್ದೇಶನವೇ ಪ್ರಯಾಣಿಕರ ಸಾರಿಗೆಯನ್ನು ಹೊರಗಿಟ್ಟಿದೆ. ಹಾಗಾಗಿ ಅಲ್ಲಿ ಉಳಿಯುವುದು ಆಯಾ ಸಂಸ್ಥೆಯ ಸ್ವಂತ ನಿಯಮ ಮಾತ್ರ. ಈಸಿಜೆಟ್ 24 ಗಂಟೆಯೊಳಗೆ ರದ್ದು ಮಾಡಲು ಬಿಡುತ್ತದೆ, ಆದರೆ ಶುಲ್ಕ ಮುರಿದುಕೊಂಡು ಉಳಿದದ್ದನ್ನು ಕೊಡುತ್ತದೆ. ರಯಾನ್‌ಏರ್ ಬುಕಿಂಗ್ ನಂತರ ಕೊಡುವ ಗ್ರೇಸ್ (ರಿಯಾಯಿತಿ) ಅವಧಿ ಸಣ್ಣ ತಪ್ಪು ತಿದ್ದಿಕೊಳ್ಳುವುದಕ್ಕೆ, ಹಣ ವಾಪಸ್ ಪಡೆಯುವುದಕ್ಕಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಕ್ಯಾನ್ಸಲ್ ಒತ್ತಿದವರು ಉಚಿತವಾಗಿ ಆಗುತ್ತಿದ್ದ ತಿದ್ದುಪಡಿಯನ್ನೂ ಕಳೆದುಕೊಳ್ಳುತ್ತಾರೆ.

ಗಂಟೆ ಎಣಿಸುವಾಗ ಬ್ಯಾಂಕಿನ ಎಸ್‌ಎಂಎಸ್ ನೋಡಬೇಡಿ, ದೃಢೀಕರಣದ ಇಮೇಲ್‌ನಲ್ಲಿರುವ ಬುಕಿಂಗ್ ಸಮಯ ಮತ್ತು ಅದರ ಟೈಮ್ ಝೋನ್ ನೋಡಿ. ಕೊನೆಯ ಗಂಟೆಗೆ ಇಟ್ಟುಕೊಳ್ಳುವುದೂ ಬೇಡ, ಸೈಟ್ ನಿಧಾನವಾದರೆ ವಾದ ಮಾಡಲು ಯಾರೂ ಸಿಗುವುದಿಲ್ಲ. ಇನ್ನೊಂದು ಚಾಲಾಕಿತನ ಓಡಾಡುತ್ತಿದೆ: ಹತ್ತಿರದ ತಾರೀಖಿನ ಟಿಕೆಟನ್ನು ಮೊದಲು ದೂರದ ತಾರೀಖಿಗೆ ಬದಲಿಸಿ, ಆಮೇಲೆ ಉಚಿತವಾಗಿ ರದ್ದು ಮಾಡುವುದು. ಇದು ನಡೆಯುವುದಿಲ್ಲ. ಅವಧಿ ಲೆಕ್ಕವಾಗುವುದು ಮೂಲ ಬುಕಿಂಗ್‌ನಿಂದ.

ರದ್ದು ಅಥವಾ ಬದಲಾವಣೆ: ನಿಜವಾದ ಲೆಕ್ಕ

ಅವಧಿ ಮೀರಿದ್ದರೆ ಮುಖ್ಯ ಪೈಪೋಟಿ ಇವೆರಡರ ನಡುವೆ. ಬಹಳ ಜನ ಹೊಸ ಟಿಕೆಟ್ಟಿನ ಬೆಲೆ ನೋಡಿ ತೀರ್ಮಾನಿಸುತ್ತಾರೆ, ಅದು ಬೇಡದ ಲೆಕ್ಕ. ರದ್ದು ಮಾಡಿ ಹೊಸದು ಕೊಂಡರೂ, ಇರುವುದನ್ನೇ ಬದಲಿಸಿದರೂ ಹೊಸ ದರವನ್ನು ಹೇಗೂ ಕೊಡಬೇಕು, ಏಕೆಂದರೆ ಬದಲಾವಣೆಯಲ್ಲಿ ಶುಲ್ಕದ ಜೊತೆ ದರ ವ್ಯತ್ಯಾಸವೂ ಸೇರುತ್ತದೆ. ಹೋಲಿಸಬೇಕಾದದ್ದು ಎರಡೇ ಅಂಕಿ: ರದ್ದು ಮಾಡಿದರೆ ಮುಳುಗುವ ಹಣ ಒಂದು, ಬದಲಾವಣೆಯ ಶುಲ್ಕ ಇನ್ನೊಂದು. ಯಾವುದು ಕಡಿಮೆಯೋ ಅದು ನಿಮ್ಮ ದಾರಿ.

ಟಿಕೆಟ್ ಒಟ್ಟು 100 ಎಂದಿಟ್ಟುಕೊಳ್ಳಿ. ಅದರಲ್ಲಿ ಮೂಲ ದರ 55, ತೆರಿಗೆ ಮತ್ತು ನಿಲ್ದಾಣದ ಶುಲ್ಕ 45. ಮೂಲ ದರ ವಾಪಸಿಲ್ಲ, ರಿಫಂಡ್ ಮಾಡಲು 10 ಮುರಿಯುತ್ತಾರೆ. ಕೈಗೆ ಬರುವುದು 35, ಮುಳುಗಿದ್ದು 65. ಬದಲಾವಣೆಯ ಶುಲ್ಕ 50 ಇದ್ದರೆ ಬದಲಿಸುವುದೇ ಲಾಭ. ಈಗ ಅದೇ ಹಾದಿಯಲ್ಲಿ ಆಫರ್ ದರದ ಟಿಕೆಟ್: ಒಟ್ಟು 60, ಮೂಲ ದರ ಬರೀ 15, ತೆರಿಗೆ ಅದೇ 45. ರದ್ದು ಮಾಡಿದರೆ ಆಗಲೂ 35 ವಾಪಸ್, ಮುಳುಗಿದ್ದು 25. ಬದಲಾವಣೆಗೆ ಅದೇ 50. ಇಲ್ಲಿ ರದ್ದು ಮಾಡಿ ಹೊಸದು ಕೊಳ್ಳುವುದು ಅಗ್ಗ. ಟಿಕೆಟ್ ಅಗ್ಗವಾದಷ್ಟೂ ಬದಲಾವಣೆ ದುಬಾರಿಯಾಗುತ್ತಾ ಹೋಗುತ್ತದೆ, ಏಕೆಂದರೆ ಶುಲ್ಕ ಟಿಕೆಟ್ಟಿನ ಜೊತೆ ಇಳಿಯುವುದಿಲ್ಲ.

ಈ ಲೆಕ್ಕ ಕೆಡುವ ಜಾಗ ಎರಡು. ಹೊಸ ವಿಮಾನ ಹಳೆಯದಕ್ಕಿಂತ ಅಗ್ಗವಿದ್ದರೆ, ಬದಲಾವಣೆಯಲ್ಲಿ ಆ ವ್ಯತ್ಯಾಸವನ್ನು ಸಾಮಾನ್ಯವಾಗಿ ವಾಪಸ್ ಕೊಡುವುದಿಲ್ಲ. ಆಗ ರದ್ದತಿಯ ಕಡೆ ತಕ್ಕಡಿ ವಾಲುತ್ತದೆ. ಎರಡನೆಯದು ಶುಲ್ಕದ ಎಣಿಕೆ. ಅದು ಸಾಮಾನ್ಯವಾಗಿ ಬುಕಿಂಗ್‌ಗೆ ಒಂದಲ್ಲ, ಒಬ್ಬ ಪ್ರಯಾಣಿಕರಿಗೆ ಒಂದು ಸೆಕ್ಟರ್‌ಗೆ, ಅಂದರೆ ಒಂದು ಕಡೆಯ ಹಾರಾಟಕ್ಕೆ, ಒಂದು. ನಾಲ್ಕು ಜನರ ಹೋಗಿಬರುವ ಟಿಕೆಟ್ ಎಂದರೆ ಎಂಟು ಸಲ. ಹೋಗುವ ದಿನ ಮಾತ್ರ ತಪ್ಪಾಗಿದ್ದರೆ ಆ ಸೆಕ್ಟರ್ ಒಂದನ್ನೇ ಆರಿಸಿ, ಎರಡೂ ಕಡೆ ಟಿಕ್ ಬಿದ್ದಿದೆಯೇ ಎಂದು ನೋಡಿ.

ತೆರಿಗೆ ವಾಪಸ್ ಸಿಗುತ್ತದೆಯೇ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ 2016ರ ತಿದ್ದುಪಡಿಯ ನಂತರ ಪ್ರೋಮೋ ದರದ, ರಿಫಂಡ್ ಇಲ್ಲದ ಟಿಕೆಟ್‌ಗೂ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಶುಲ್ಕ ವಾಪಸ್ ಕೊಡಲೇಬೇಕು, ಪ್ರಯಾಣಿಕ ಬಾರದೇ ಇದ್ದರೂ ಸಹ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಸರ್ಚಾರ್ಜ್ ಸೇರಿದ ಮೊತ್ತವನ್ನು ಮೀರುವಂತಿಲ್ಲ. ಬೇರೆಡೆ ಅರ್ಜಿ ಹಾಕಿ ಕೇಳಬೇಕಾಗಬಹುದು, ಅದರ ಸಂಸ್ಕರಣಾ ಶುಲ್ಕ ಕೆಲವೊಮ್ಮೆ ತೆರಿಗೆಗಿಂತ ಹೆಚ್ಚಿರುತ್ತದೆ. ಆಗ ಅರ್ಜಿ ಹಾಕುವುದೇ ದಂಡ.

ಹೆಸರಿನ ತಪ್ಪು

ಹೆಸರು ತಪ್ಪಾಗಿದ್ದಕ್ಕೆ ಟಿಕೆಟ್ ರದ್ದು ಮಾಡುವುದು ಬಹುತೇಕ ಎಂದೂ ಬೇಕಾಗುವುದಿಲ್ಲ. ಒಂದೆರಡು ಅಕ್ಷರದ ದೋಷ, ಹೆಸರು-ಕುಲನಾಮ ಅದಲುಬದಲು, ಮಿಸ್ಟರ್ ಬದಲು ಮಿಸ್ ಬಿದ್ದದ್ದು, ಇವನ್ನು ಚಾಟ್‌ನಲ್ಲಿ ಪಾಸ್‌ಪೋರ್ಟ್ ಪ್ರತಿ ತೋರಿಸಿ ಸರಿಪಡಿಸಿಕೊಳ್ಳಬಹುದು. ಕೇಳುವಾಗ "ಹೆಸರು ತಿದ್ದುಪಡಿ" ಎನ್ನಿ, "ಹೆಸರು ಬದಲಾವಣೆ" ಎನ್ನಬೇಡಿ. ಮೊದಲನೆಯದು ಅದೇ ವ್ಯಕ್ತಿಯ ಕಾಗುಣಿತ, ಎರಡನೆಯದು ಟಿಕೆಟನ್ನು ಬೇರೆಯವರಿಗೆ ವರ್ಗಾಯಿಸುವುದು. ಸಿಬ್ಬಂದಿಯ ಪರದೆಯಲ್ಲಿ ಇವು ಬೇರೆ ಬೇರೆ ಶುಲ್ಕದ ಕೆಲಸಗಳು.

ವರ್ಗಾವಣೆಯೂ ಒಂದು ದಾರಿಯೇ, ಹೆಚ್ಚಿನವರಿಗೆ ಹೊಳೆಯದ ದಾರಿ. ಈಸಿಜೆಟ್, ರಯಾನ್‌ಏರ್‌ನಂಥ ಯುರೋಪಿನ ಸಂಸ್ಥೆಗಳು ಶುಲ್ಕ ಪಡೆದು ಪೂರ್ತಿ ಹೆಸರು ಬದಲಿಸಲು ಬಿಡುತ್ತವೆ, ಅಂದರೆ ಬೇಡದ ಟಿಕೆಟ್ಟಿನಲ್ಲಿ ಇನ್ನೊಬ್ಬರು ಹೋಗಬಹುದು. ದುಬಾರಿ ಟಿಕೆಟ್‌ಗೆ ಇದು ಲಾಭ, ಆಫರ್ ಟಿಕೆಟ್‌ಗೆ ಅಲ್ಲ. ಅಮೆರಿಕ ಮತ್ತು ಭಾರತದಲ್ಲಿ ಸಾಮಾನ್ಯವಾಗಿ ಈ ಬಾಗಿಲು ಇಲ್ಲ.

ಡಬಲ್ ಬುಕಿಂಗ್: ಕ್ಯಾನ್ಸಲ್ ಒತ್ತಲೇಬಾರದು

ಹಣ ಕಟ್ಟುವಾಗ ಪುಟ ನಿಂತುಬಿಡುತ್ತದೆ, ಮತ್ತೆ ಕಟ್ಟುತ್ತೀರಿ, ಎರಡು ಪಿಎನ್‌ಆರ್ ಬರುತ್ತವೆ. ಇಲ್ಲಿ ಸೈಟಿನಲ್ಲೇ ಒಂದನ್ನು ರದ್ದು ಮಾಡಿದರೆ, ವ್ಯವಸ್ಥೆ ಅದನ್ನು ನಿಮ್ಮ ಇಚ್ಛೆಯ ರದ್ದತಿ ಎಂದು ದಾಖಲಿಸಿ ಮಾಮೂಲಿ ಶುಲ್ಕ ಕಡಿಯುತ್ತದೆ. ಬದಲಿಗೆ ಚಾಟ್ ಅಥವಾ ಫೋನ್‌ನಲ್ಲಿ ಎರಡೂ ಪಿಎನ್‌ಆರ್ ಕೊಟ್ಟು, ಒಂದೇ ಹೆಸರು, ಒಂದೇ ವಿಮಾನ, ಕೆಲವೇ ನಿಮಿಷಗಳ ಅಂತರ ಎಂದು ತೋರಿಸಿ, ಯಾವುದನ್ನು ಉಳಿಸಬೇಕೆಂದು ಹೇಳಿ. ಸೀಟು, ಬ್ಯಾಗೇಜ್ ಸೇರಿಸಿದ್ದು ಯಾವುದರಲ್ಲಿ ಎಂದು ಮೊದಲೇ ನೋಡಿಕೊಂಡಿರಿ.

ಬ್ಯಾಂಕಿನಲ್ಲಿ ಎರಡು ಸಲ ಹಣ ಕಡಿತವಾಗಿದ್ದು, ಪಿಎನ್‌ಆರ್ ಮಾತ್ರ ಒಂದೇ ಇದ್ದರೆ ಅದು ಬೇರೆ ಕಥೆ. ಒಂದು ಮೊತ್ತ ಹೋಲ್ಡ್ ಆಗಿ ನಿಂತಿರಬಹುದು, ಕೆಲ ದಿನಗಳಲ್ಲಿ ತಾನೇ ಬಿಡುಗಡೆಯಾಗುತ್ತದೆ. ಸ್ಟೇಟ್‌ಮೆಂಟ್‌ನಲ್ಲಿ ಎರಡೂ ಪಕ್ಕಾ ಆದ ಮೇಲೆ ಮಾತ್ರ ಬ್ಯಾಂಕಿಗೆ ದೂರು ಕೊಡಿ.

ಟ್ರಾವೆಲ್ ಏಜೆಂಟರು "ವಾಯ್ಡ್ ಮಾಡಿಸಿ" ಎನ್ನುವುದುಂಟು, ಅಂದರೆ ಟಿಕೆಟ್ಟೇ ಆಗಿಲ್ಲ ಎಂಬಂತೆ ಅಳಿಸಿಹಾಕಿಸುವುದು. ಪೂರ್ಣ ಸೇವೆಯ ಸಂಸ್ಥೆಗಳಲ್ಲಿ ಇ-ಟಿಕೆಟ್ ಸಂಖ್ಯೆ ಬಂದ ದಿನವೇ ಅದನ್ನು ವಾಯ್ಡ್ ಮಾಡುವ ಪದ್ಧತಿ ಇದೆ. ಬಜೆಟ್ ಸಂಸ್ಥೆಗಳಲ್ಲಿ ಹೆಚ್ಚಿನವು ನ್ಯಾವಿಟೇರ್‌ನಂಥ ಟಿಕೆಟ್‌ರಹಿತ ಬುಕಿಂಗ್ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತವೆ. ಅಲ್ಲಿ ಬುಕಿಂಗೇ ಟಿಕೆಟ್, ಹಣ ಆ ಕ್ಷಣವೇ ಜಮಾ, ವಾಯ್ಡ್ ಮಾಡಲು ಬೇರೆ ದಾಖಲೆಯೇ ಇಲ್ಲ.

ವೋಲೆಟ್ ಅಥವಾ ಕಾರ್ಡಿಗೆ ವಾಪಸ್

ರದ್ದತಿಯ ಪುಟದಲ್ಲಿ ಮೊದಲೇ ಟಿಕ್ ಬಿದ್ದಿರುವುದು ಬಹಳ ಸಲ ಕ್ರೆಡಿಟ್ ಶೆಲ್ ಅಥವಾ ವೋಲೆಟ್, ಅಂದರೆ ಅದೇ ಸಂಸ್ಥೆಯಲ್ಲಿ ಮುಂದೆ ಬಳಸಬೇಕಾದ ಜಮೆ. "ಮೂಲ ಪಾವತಿ ವಿಧಾನ" ಎಂಬ ಆಯ್ಕೆ ಕೆಳಗೆಲ್ಲೋ ಸಣ್ಣಕ್ಷರದಲ್ಲಿರುತ್ತದೆ. ಕ್ರೆಡಿಟ್‌ನಲ್ಲಿ ಹೆಚ್ಚು ಮೊತ್ತ ಕೊಡುತ್ತೇವೆ ಎಂಬ ಆಮಿಷವೂ ಇರುತ್ತದೆ. ಅದೇ ಸಂಸ್ಥೆಯಲ್ಲಿ ಸದ್ಯದಲ್ಲೇ ಹಾರುವುದು ಖಚಿತವಿದ್ದರೆ ತೆಗೆದುಕೊಳ್ಳಿ, ಆದರೆ ಮೂರು ವಿಷಯ ಕೇಳಿ: ಅವಧಿ ಬುಕ್ ಮಾಡುವುದಕ್ಕೋ ಹಾರುವುದಕ್ಕೋ, ಬೇರೆಯವರಿಗೆ ಬಳಸಬಹುದೇ, ಒಂದೇ ಸಲ ಪೂರ್ತಿ ಖರ್ಚು ಮಾಡಬೇಕೇ. ಒಮ್ಮೆ ಕ್ರೆಡಿಟ್ ಒಪ್ಪಿಕೊಂಡರೆ ನಂತರ ನಗದು ಕೇಳಲು ನೆಲೆ ಇರುವುದಿಲ್ಲ.

ಕಾರ್ಡಿಗೆ ಬಂದರೂ ಪೂರ್ತಿ ಬರುತ್ತದೆ ಎಂದುಕೊಳ್ಳಬೇಡಿ. ಕನ್ವೀನಿಯೆನ್ಸ್ ಫೀ ಹೋಯಿತು. ವಿದೇಶಿ ಕರೆನ್ಸಿಯಲ್ಲಿ ಕಟ್ಟಿದ್ದರೆ ರಿಫಂಡ್ ಹಣ ವಾಪಸಾಗುವ ದಿನದ ವಿನಿಮಯ ದರದಲ್ಲಿ ಬರುತ್ತದೆ. ಜೊತೆಗೆ ಸೇರಿಕೊಂಡ ಪ್ರಯಾಣ ವಿಮೆ ಬೇರೆ ಕಂಪನಿಯದು, ಅದನ್ನು ಪ್ರತ್ಯೇಕವಾಗಿ ರದ್ದು ಮಾಡಬೇಕು.

ಮಧ್ಯವರ್ತಿ ಸೈಟಿನಲ್ಲಿ ಕೊಂಡಿದ್ದರೆ

ನೇರ ಬುಕಿಂಗ್‌ಗೂ ಇದಕ್ಕೂ ಅಜಗಜಾಂತರ. ಅಮೆರಿಕದ 24 ಗಂಟೆ ನಿಯಮ ಕಟ್ಟಿಹಾಕುವುದು ವಿಮಾನ ಸಂಸ್ಥೆಗಳನ್ನು, ಏಜೆಂಟರನ್ನಲ್ಲ. ಮೇಲಾಗಿ ಎಷ್ಟೋ ಪೋರ್ಟಲ್‌ಗಳು ತಮ್ಮದೇ ವರ್ಚುವಲ್ ಕಾರ್ಡಿನಿಂದ ಟಿಕೆಟ್ ಕೊಳ್ಳುತ್ತವೆ. ನೀವು ವಿಮಾನ ಸಂಸ್ಥೆಯ ಸೈಟಿಗೆ ಹೋಗಿ ರದ್ದು ಮಾಡಿದರೆ ಹಣ ಆ ಕಾರ್ಡಿಗೆ ಹೋಗುತ್ತದೆ, ಸಂಸ್ಥೆ "ಕೊಟ್ಟಿದ್ದೇವೆ" ಎನ್ನುತ್ತದೆ, ಪೋರ್ಟಲ್ "ಬಂದಿಲ್ಲ" ಎನ್ನುತ್ತದೆ. ಎಲ್ಲಿ ಕೊಂಡಿರೋ ಅಲ್ಲೇ ರದ್ದು ಮಾಡಿ, ಅವರ ಸೇವಾ ಶುಲ್ಕ ಸೇರಿಸಿಯೇ ಮೇಲಿನ ಲೆಕ್ಕ ಹಾಕಿ.

ಸುಮ್ಮನೆ ಕಾಯುವುದು

ಕೇಳಲು ಸೋಮಾರಿತನದ ಸಲಹೆ, ಆದರೆ ವಾಪಸ್ ಬರುವ ತೆರಿಗೆ ಜುಜುಬಿಯಾಗಿದ್ದು ಪ್ರಯಾಣ ತಿಂಗಳುಗಳಾಚೆ ಇದ್ದರೆ ಇದೇ ಗೆಲ್ಲುತ್ತದೆ. ಬಜೆಟ್ ಸಂಸ್ಥೆಗಳು ಸೀಸನ್ ಬದಲಾಗುವಾಗ ವೇಳಾಪಟ್ಟಿ ಕದಲಿಸುತ್ತವೆ. ಅಮೆರಿಕದಲ್ಲಿ 2024ರ ನಿಯಮದ ಪ್ರಕಾರ ದೇಶದೊಳಗಿನ ವಿಮಾನ 3 ಗಂಟೆ, ಅಂತರರಾಷ್ಟ್ರೀಯ ವಿಮಾನ 6 ಗಂಟೆ ಅಥವಾ ಹೆಚ್ಚು ಕದಲಿದರೆ, ನೀವು ಹೊಸ ವೇಳೆ ಒಪ್ಪದಿದ್ದರೆ ಪೂರ್ತಿ ರಿಫಂಡ್. ಯುರೋಪಿನ ನ್ಯಾಯಾಲಯ 2021ರ ಡಿಸೆಂಬರ್‌ನಲ್ಲಿ, ವಿಮಾನವನ್ನು ಒಂದು ಗಂಟೆಗಿಂತ ಹೆಚ್ಚು ಮುಂಚಿತಗೊಳಿಸಿದರೆ ಅದನ್ನು ರದ್ದತಿ ಎಂದೇ ಪರಿಗಣಿಸಬೇಕೆಂದು ಹೇಳಿದೆ. ಆದ್ದರಿಂದ ವೇಳೆ ಬದಲಾಯಿತು ಎಂಬ ಇಮೇಲ್ ಬಂದಾಗ "ಒಪ್ಪಿದೆ" ಬಟನ್ ಅಭ್ಯಾಸಬಲದಿಂದ ಒತ್ತಬೇಡಿ. ಕಾಯಲು ಒಂದು ಗಡುವೂ ಬೇಕು: ಆನ್‌ಲೈನ್ ರದ್ದತಿ ಮುಚ್ಚುವ ಸಮಯಕ್ಕೆ ಒಂದು ದಿನ ಮೊದಲು ತೀರ್ಮಾನಿಸಿ. ಅಲ್ಲಿಯವರೆಗೆ ಚೆಕ್-ಇನ್ ಮಾಡಬೇಡಿ, ಮಾಡಿದ ಮೇಲೆ ರದ್ದತಿ ಹಲವೆಡೆ ಸಿಕ್ಕಿಹಾಕಿಕೊಳ್ಳುತ್ತದೆ.

ಕಾರ್ಡ್ ಚಾರ್ಜ್‌ಬ್ಯಾಕ್ (ಪಾವತಿಯನ್ನು ಪ್ರಶ್ನಿಸಿ ಬ್ಯಾಂಕಿನ ಮೂಲಕ ಹಣ ವಾಪಸ್ ಕೇಳುವುದು) ಮತ್ತು ವಿಮೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಾರೀಖು ನೀವೇ ತಪ್ಪಾಗಿ ಆರಿಸಿದ್ದರೆ ಚಾರ್ಜ್‌ಬ್ಯಾಕ್ ನಿಲ್ಲುವುದಿಲ್ಲ, ಪಿಎನ್‌ಆರ್ ಸಹ ಅಮಾನತಾಗಬಹುದು. ಒಪ್ಪಿಕೊಂಡ ರಿಫಂಡ್ ಬಾರದಿದ್ದಾಗ, ಒಂದೇ ಖರೀದಿಗೆ ಎರಡು ಸಲ ಕಡಿತವಾದಾಗ ಅದು ಸರಿಯಾದ ಆಯುಧ. ಸಾಮಾನ್ಯ ಪ್ರಯಾಣ ವಿಮೆ ಕಾಯಿಲೆ, ಸಾವುನೋವಿಗೆ ಕೊಡುತ್ತದೆಯೇ ಹೊರತು ತಪ್ಪು ಕ್ಲಿಕ್ಕಿಗಲ್ಲ.

ರಿಫಂಡ್ ಒಪ್ಪಿದ ಮೇಲೂ ಹಣ ಕಾಣದಿದ್ದರೆ "ಯಾವಾಗ ಬರುತ್ತದೆ" ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ಎಆರ್‌ಎನ್ ಕೇಳಿ. ಅದು ಕಾರ್ಡ್ ರಿಫಂಡಿಗೆ ಹುಟ್ಟುವ 23 ಅಂಕಿಯ ಉಲ್ಲೇಖ ಸಂಖ್ಯೆ. ಸಂಸ್ಥೆಯ ಬಳಿ ಅದು ಇಲ್ಲವೆಂದರೆ ಹಣ ಇನ್ನೂ ಹೊರಟೇ ಇಲ್ಲ ಎನ್ನುವ ಸಾಧ್ಯತೆಯೇ ಹೆಚ್ಚು. ಇದ್ದರೆ ಆ ಸಂಖ್ಯೆ ಹಿಡಿದು ನಿಮ್ಮ ಬ್ಯಾಂಕ್ ಹಣ ಎಲ್ಲಿ ನಿಂತಿದೆ ಎಂದು ಹುಡುಕಬಲ್ಲದು, ಕಾರ್ಡ್ ಅವಧಿ ಮುಗಿದು ಹೊಸದು ಬಂದಿದ್ದರೂ ಸಹ.