ಗಂಟಲಿಗೆ ಇಳಿಯುವ ಸಿಂಬಳ: ಮಾತ್ರೆ, ಸ್ಪ್ರೇ, ಉಪ್ಪುನೀರುಗಳ ಹೋಲಿಕೆ

ಟೆಕ್ಸಸ್‌ನ ಆಸ್ಟಿನ್ ಸುತ್ತಮುತ್ತ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಮೌಂಟನ್ ಸೀಡರ್ ಎಂದು ಜನ ಕರೆಯುವ ಜುನಿಪರ್ ಮರಗಳು ಪರಾಗ ಚೆಲ್ಲುತ್ತವೆ. ಗಾಳಿ ಬೀಸಿದರೆ ಗಂಡು ಮರಗಳಿಂದ ಹೊಗೆಯಂತೆ ಏಳುವ ಆ ಪುಡಿ ಕಾರಿನ ಗಾಜಿನ ಮೇಲೂ ಕೂರುತ್ತದೆ, ನಮ್ಮ ಮೂಗಿನೊಳಗೂ ಸೇರುತ್ತದೆ. ಇಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಲವರಿಗೆ ಮೊದಲ ಒಂದೆರಡು ಚಳಿಗಾಲ ಏನೂ ಆಗುವುದಿಲ್ಲ. ಅಲರ್ಜಿ ಹತ್ತಿದ ಮೇಲೆ ಮಾತ್ರ ಮೂಗಿನ ಹಿಂಬದಿಯಿಂದ ಗಂಟಲಿಗೆ ಸಿಂಬಳ ಇಳಿಯುವುದು, ಮಲಗಿದೊಡನೆ ಕೆಮ್ಮು ಬರುವುದು, ಬೆಳಗ್ಗೆ ಎದ್ದು ಬಹಳ ಹೊತ್ತು ಕ್ಯಾಕರಿಸುವುದು ವಾರಗಟ್ಟಲೆ ಬಿಡುವುದಿಲ್ಲ. ವೈದ್ಯರ ಚೀಟಿಯಿಲ್ಲದೆ ಇಲ್ಲಿನ ಔಷಧಿ ಅಂಗಡಿಯಲ್ಲಿ ಸಿಗುವ ಮದ್ದುಗಳನ್ನು ಹಲವು ಚಳಿಗಾಲ ಬಳಸಿ ನೋಡಿದ ಮೇಲೆ ನನಗೆ ಖಚಿತವಾಗಿರುವ ಸಂಗತಿಯೆಂದರೆ, ಈ ತೊಂದರೆಗೆ ಹೊಟ್ಟೆಗೆ ಹೋಗುವ ಮದ್ದಿಗಿಂತ ಮೂಗಿಗೇ ಹೋಗುವ ಮದ್ದು ಮೇಲು.

ಎಲ್ಲರೂ ಮೊದಲು ಕೈಹಾಕುವುದು ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಎಂಬ ಅಲರ್ಜಿ ಮಾತ್ರೆಗಳಿಗೆ. ಸೀನು, ಕಣ್ಣಿನ ತುರಿಕೆ, ನೀರಿನಂತೆ ಸುರಿಯುವ ಮೂಗು ಇವಕ್ಕೆ ಈ ಮಾತ್ರೆಗಳು ನಿಜವಾಗಿ ಉಪಕಾರಿ. ಆದರೆ ಗಂಟಲ ಹಿಂದೆ ಅಂಟಿಕೊಂಡ ಗಟ್ಟಿ ಸಿಂಬಳದ ಮೇಲೆ ಮೂರರ ಪರಿಣಾಮವೂ ನನಗೆ ತೀರಾ ಅಲ್ಪವೆನಿಸಿತು. ಸೆಟಿರಿಜಿನ್ ಮೂರರಲ್ಲಿ ಹೆಚ್ಚು ಬಲವಾದದ್ದೆಂದು ನನ್ನ ಅನುಭವ, ನಿದ್ದೆ ತರುವುದೂ ಅದೇ. ಬಹುಕಾಲ ದಿನವೂ ಸೇವಿಸಿ ಅದನ್ನು ನಿಲ್ಲಿಸಿದವರಲ್ಲಿ ಕೆಲವರಿಗೆ, ಅಪರೂಪವಾಗಿಯಾದರೂ, ತೀವ್ರ ಮೈತುರಿಕೆ ಬರುತ್ತದೆಂದು ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆಯಾದ ಎಫ್‌ಡಿಎ 2025ರಲ್ಲಿ ಎಚ್ಚರಿಸಿದೆ. ಫೆಕ್ಸೊಫೆನಡಿನ್ ಮಂಪರು ತರಲಿಲ್ಲ. ಅದನ್ನು ಕಿತ್ತಳೆ ಅಥವಾ ಸೇಬಿನ ರಸದೊಂದಿಗೆ ನುಂಗಿದರೆ ಮೈಗೆ ಹತ್ತುವ ಪ್ರಮಾಣ ಕುಗ್ಗುವುದರಿಂದ ಬರೀ ನೀರಿನೊಂದಿಗೇ ತೆಗೆದುಕೊಳ್ಳಬೇಕು. ಬೆನಡ್ರಿಲ್‌ನಲ್ಲಿರುವ ಡೈಫೆನ್‌ಹೈಡ್ರಮಿನ್ ಗಂಟಲನ್ನು ಒಣಗಿಸುವುದೇನೋ ಸರಿ, ಆದರೆ ಮರುದಿನ ಬೆಳಗ್ಗೆಯವರೆಗೂ ತಲೆ ಭಾರವಾಗಿರುತ್ತದೆ. ಊರಿನಿಂದ ಬಂದು ಕೆಲವು ತಿಂಗಳು ನಮ್ಮೊಡನೆ ಇರುವ ವಯಸ್ಸಾದ ತಂದೆತಾಯಿಯರಿಗೆ ಇದನ್ನು ದಯವಿಟ್ಟು ಕೊಡಬೇಡಿ. ಅವರಲ್ಲಿ ಗೊಂದಲ, ಬೀಳುವ ಅಪಾಯ, ಮೂತ್ರ ಕಟ್ಟುವುದು ಇವೆಲ್ಲ ಉಂಟಾಗಬಹುದು.

ಮೂಗು ಕಟ್ಟಿರುವಾಗ ಬಳಸುವ ಮದ್ದುಗಳಲ್ಲಿ ವ್ಯತ್ಯಾಸ ಬಹಳ. ನೆಗಡಿ ಮಾತ್ರೆಗಳ ಡಬ್ಬಿಗಳ ಮೇಲೆ ಕಾಣುವ ಫಿನೈಲೆಫ್ರಿನ್‌ನಿಂದ ನನಗೆ ಏನೂ ಪ್ರಯೋಜನವಾಗಲಿಲ್ಲ. ಬಾಯಿಯಿಂದ ಸೇವಿಸುವ ಈ ಮದ್ದು ಕೆಲಸ ಮಾಡುವುದಿಲ್ಲವೆಂದು ಎಫ್‌ಡಿಎಯ ಸಲಹಾ ಸಮಿತಿ 2023ರ ಸೆಪ್ಟೆಂಬರ್‌ನಲ್ಲಿ ಒಮ್ಮತದಿಂದ ಹೇಳಿತು, 2024ರ ನವೆಂಬರ್‌ನಲ್ಲಿ ಅದನ್ನು ಕೈಬಿಡುವ ಪ್ರಸ್ತಾವವೂ ಬಂತು. ಗುರುತಿನ ಚೀಟಿ ತೋರಿಸಿ ಕೌಂಟರಿನ ಹಿಂದಿನಿಂದ ಪಡೆಯಬೇಕಾದ ಸ್ಯೂಡೊಎಫೆಡ್ರಿನ್ ಮೂಗನ್ನು ಖಂಡಿತ ತೆರೆಯುತ್ತದೆ, ಆದರೆ ನಿದ್ದೆ ಕೆಡಿಸುತ್ತದೆ, ರಕ್ತದೊತ್ತಡ ಏರಿಸುತ್ತದೆ. ಆಫ್ರಿನ್ ಎಂಬ ಮೂಗಿನ ಸ್ಪ್ರೇ ನಿಮಿಷಗಳಲ್ಲಿ ಮೂಗು ಬಿಡಿಸಿದರೂ ಮೂರು ದಿನಕ್ಕಿಂತ ಹೆಚ್ಚು ಬಳಸಬಾರದೆಂದು ಡಬ್ಬಿಯ ಮೇಲೆಯೇ ಇದೆ, ಏಕೆಂದರೆ ಆಮೇಲೆ ಮದ್ದಿನಿಂದಲೇ ಮೂಗು ಮತ್ತೆ ಕಟ್ಟತೊಡಗುತ್ತದೆ. ವಾರಗಟ್ಟಲೆ ಕಾಡುವ ತೊಂದರೆಗೆ ಅದು ಹೊಂದುವುದೇ ಇಲ್ಲ. ಕಫ ತೆಳುವಾಗಿಸುವ ಗ್ವೈಫೆನೆಸಿನ್ ಬಗ್ಗೆ ಹೇಳುವುದು ಕಡಿಮೆ. ಅದರ ಜೊತೆ ಕುಡಿದ ದೊಡ್ಡ ಲೋಟ ನೀರೇ ಹೆಚ್ಚು ಉಪಕಾರ ಮಾಡಿತೆಂದು ನನ್ನ ಅನಿಸಿಕೆ.

ಫ್ಲುಟಿಕಸೋನ್ ಸ್ಪ್ರೇ, ಅಂದರೆ 2014ರಲ್ಲಿ ಚೀಟಿಯಿಲ್ಲದ ಮಾರಾಟಕ್ಕೆ ಅನುಮತಿ ಪಡೆದ ಫ್ಲೋನೇಸ್, ಮೂಗಿನ ಒಳಪೊರೆಯ ಉರಿಯೂತವನ್ನೇ ತಗ್ಗಿಸುವುದರಿಂದ ಸಿಂಬಳ ಉಂಟಾಗುವುದೇ ಕಡಿಮೆಯಾಗುತ್ತದೆ. ಒಂದು ಸಲ ಹೊಡೆದು ಗುಣ ಕಾಣಲಿಲ್ಲವೆಂದು ಬಿಡುವವರೇ ಹೆಚ್ಚು. ಪೂರ್ಣ ಪರಿಣಾಮಕ್ಕೆ ಹಲವು ದಿನ ನಿಯಮಿತವಾಗಿ ಬಳಸಬೇಕು. ಹೊಡೆಯುವ ರೀತಿಯೂ ಮುಖ್ಯ. ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ, ತುದಿಯನ್ನು ಮಧ್ಯದ ಗೋಡೆಯತ್ತ ಅಲ್ಲದೆ ಹೊರಗಿನ ಕಣ್ಣಂಚಿನ ಕಡೆ ತಿರುಗಿಸಿ ಹೊಡೆಯಬೇಕು, ಜೋರಾಗಿ ಎಳೆದುಕೊಳ್ಳಬಾರದು. ಮಧ್ಯದ ಗೋಡೆಗೆ ಬಿದ್ದರೆ ಒಣಗಿ ರಕ್ತ ಬರುತ್ತದೆ, ಜೋರಾಗಿ ಎಳೆದರೆ ಮದ್ದು ಗಂಟಲಿಗೆ ಹೋಗಿ ವ್ಯರ್ಥವಾಗುತ್ತದೆ. 2021ರಲ್ಲಿ ಚೀಟಿಯಿಲ್ಲದ ಮಾರಾಟಕ್ಕೆ ಅನುಮತಿ ಪಡೆದ ಅಜೆಲಾಸ್ಟಿನ್ ಸ್ಪ್ರೇ ಅರ್ಧ ಗಂಟೆಯೊಳಗೆ ಫಲ ತೋರಿಸಿತು, ಆದರೆ ಹಿಂದಕ್ಕೆ ಜಾರಿದಾಗ ಬಾಯಿಯಲ್ಲಿ ಅಸಾಧ್ಯ ಕಹಿ ಉಳಿಸಿತು. ಆದ್ದರಿಂದ ಫ್ಲುಟಿಕಸೋನನ್ನು ದಿನಬಳಕೆಗೂ ಅಜೆಲಾಸ್ಟಿನನ್ನು ಪರಾಗ ವಿಪರೀತವಾದ ದಿನಗಳಿಗೂ ಇಟ್ಟುಕೊಂಡಿದ್ದೇನೆ.

ಇವೆರಡಕ್ಕೂ ಮೊದಲು ಮಾಡಬೇಕಾದದ್ದು ಉಪ್ಪುನೀರಿನ ತೊಳೆತ. ಜಲನೇತಿಯ ಪರಿಚಯ ನಮ್ಮವರಿಗೆ ಹೊಸದಲ್ಲ. ಇಲ್ಲಿ ಹಿಂಡುವ ಬಾಟಲಿಗಳೂ ಸಿಗುತ್ತವೆ, ಅವು ನೇತಿ ಲೋಟಕ್ಕಿಂತ ಹೆಚ್ಚು ಒತ್ತಡದಿಂದ ಅಂಟು ಸಿಂಬಳವನ್ನು ಹೊರದೂಡುತ್ತವೆ. ಅಯೋಡಿನ್ ಬೆರೆಸದ ಉಪ್ಪನ್ನು ಅರ್ಧ ಲೀಟರಿಗೆ ನಾಲ್ಕೂವರೆ ಗ್ರಾಂ ಪ್ರಮಾಣದಲ್ಲಿ ಕರಗಿಸಿ, ಚಿಟಿಕೆ ಅಡುಗೆ ಸೋಡಾ ಸೇರಿಸಿ, ಉಗುರುಬೆಚ್ಚಗೆ ಮಾಡಿಕೊಂಡರೆ ಉರಿಯುವುದಿಲ್ಲ. ಉಪ್ಪು ಕಡಿಮೆಯಾದರೂ ಹೆಚ್ಚಾದರೂ ಮೂಗು ಚುರುಗುಟ್ಟುತ್ತದೆ. ನಲ್ಲಿಯ ನೀರನ್ನು ಹಾಗೇ ಬಳಸುವುದು ಅಪಾಯಕರ: 2011ರಲ್ಲಿ ಲೂಯಿಸಿಯಾನಾದಲ್ಲಿ ಹಾಗೆ ಮಾಡಿದ ಇಬ್ಬರು ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾದ ಸೋಂಕಿನಿಂದ ಮೃತಪಟ್ಟರು. ನೀರು ಬಟ್ಟಿ ಇಳಿಸಿದ್ದಾಗಿರಬೇಕು, ಇಲ್ಲವೇ ಕನಿಷ್ಠ ಒಂದು ನಿಮಿಷ ಕುದಿಸಿ ಆರಿಸಿದ್ದಾಗಿರಬೇಕು. ರಾತ್ರಿ ಮಲಗುವ ಸಾಕಷ್ಟು ಮೊದಲೇ ತೊಳೆದುಕೊಂಡು, ಮುಂದೆ ಬಾಗಿ ಉಳಿದ ನೀರನ್ನು ಇಳಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು ಫ್ಲುಟಿಕಸೋನ್ ಹೊಡೆದಾಗ ನನ್ನ ರಾತ್ರಿಯ ಕೆಮ್ಮು ತಗ್ಗಿದಷ್ಟು ಬೇರೆ ಯಾವುದರಿಂದಲೂ ತಗ್ಗಲಿಲ್ಲ. ಸ್ಪ್ರೇಯ ನಂತರ ತೊಳೆದರೆ ಮದ್ದೂ ತೊಳೆದುಹೋಗುತ್ತದೆ.

ಮೂಗು ಸಲೀಸಾಗಿದ್ದೂ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಇದ್ದರೆ, ಊಟವಾದ ಮೇಲೆ ಅದು ಹೆಚ್ಚಿ ದನಿಯೂ ಒಡೆಯುತ್ತಿದ್ದರೆ, ಹೊಟ್ಟೆಯ ಆಮ್ಲ ಮೇಲೇರುತ್ತಿರಬಹುದು. ಆಗ ಮೇಲಿನ ಯಾವ ಮದ್ದೂ ಫಲ ಕೊಡುವುದಿಲ್ಲ. ಒಂದೇ ಹೊಳ್ಳೆಯಿಂದ ಸೋರಿಕೆ, ಅದರಲ್ಲಿ ರಕ್ತ ಅಥವಾ ದುರ್ವಾಸನೆ, ಜ್ವರ ಇವುಗಳಲ್ಲಿ ಯಾವುದೊಂದು ಕಂಡರೂ ಔಷಧಿ ಅಂಗಡಿಯ ಬದಲು ಕಿವಿ ಮೂಗು ಗಂಟಲಿನ ವೈದ್ಯರ ಬಳಿಗೇ ಹೋಗಬೇಕು.